ಲಕ್ಕಮ್ಮ ವಾಪಸು ಕಳಿಸಿದ ಅಕ್ಕಿ

ನಾನು ಲಿಂಗಸುಗೂರು ತಾಲ್ಲೂಕಿನವಳು. ಹನ್ನೆರಡನೆಯ ಶತಮಾನದಲ್ಲಿ ನಮ್ಮದೇ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ದಂಪತಿ ಕಲ್ಯಾಣಕ್ಕೆ ಹೋದರೆಂದು ನಮ್ಮ ಕಡೆ ಹೇಳುತ್ತಾರೆ. ಅಲ್ಲಿ ಅರಸ ಬಿಜ್ಜಳನ ಭಂಡಾರಿ ಬಸವಣ್ಣನವರ ಮಹಾಮನೆ. ಅದರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ, ಬೇಯಿಸಿ ಜಂಗಮರಿಗೆ ಬಡಿಸುವುದು ಇಬ್ಬರ ದಾಸೋಹ. ಆಯ್ದಕ್ಕಿ ಎಂಬ ಹೆಸರು ಬಂದದ್ದು ಹೀಗೆ.

ಗೂಳೂರ ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗ ವಿಸ್ತಾರವಾಗಿ ಬರುತ್ತದೆ. ಅಲ್ಲಮಪ್ರಭುಗಳ ಜೊತೆ ಮಾತಿಗೆ ಕೂತ ಮಾರಯ್ಯ ಕಾಯಕ ಮರೆಯುತ್ತಾನೆ. ಹೊತ್ತಾಯಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಲಗುಬಗೆಯಿಂದ ಹೋದವನು ಅಂದು ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಲಕ್ಕಮ್ಮ ಅದನ್ನು ಒಳಗಿಟ್ಟುಕೊಳ್ಳುವುದಿಲ್ಲ. ಆ ದಿನಕ್ಕೆ ಬೇಕಾದಷ್ಟು ಮಾತ್ರ ತಮ್ಮದು, ಮಿಕ್ಕದ್ದನ್ನು ತಂದಲ್ಲೇ ಸುರಿದು ಬರಬೇಕು ಎಂಬುದು ಅವಳ ತೀರ್ಮಾನ. ಮಾರಯ್ಯ ಎದುರಾಡದೆ ಸುರಿದು ಬರುತ್ತಾನೆ.

ಅದೇ ಗ್ರಂಥದಲ್ಲಿ ನುಲಿಯ ಚಂದಯ್ಯನ ಕಥೆಯೂ ಇದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿದ್ದರೂ ಅವನು ಎತ್ತಿಕೊಳ್ಳುವುದಿಲ್ಲ. ಲಿಂಗವೇ ಬೆನ್ನುಹತ್ತಿ ಬಂದಾಗ ಮಡಿವಾಳ ಮಾಚಯ್ಯ ನಡುವೆ ನಿಂತು ರಾಜಿ ಮಾಡಿಸುತ್ತಾನೆ. ಕೊನೆಗೆ ಲಿಂಗವೂ ಹಗ್ಗ ಮಾರಲು ಹೋಗಬೇಕಾಗುತ್ತದೆ. ಕಾಯಕದ ಕಟ್ಟಳೆಯಿಂದ ದೇವರಿಗೂ ವಿನಾಯಿತಿ ಇಲ್ಲ.

ಮನುಷ್ಯನೆಂದರೆ ಯಾರು ಎಂಬ ಪ್ರಶ್ನೆಗೆ ಮಾರಯ್ಯ, ಲಕ್ಕಮ್ಮ, ಚಂದಯ್ಯರಂಥ ಶರಣರು ಕೊಟ್ಟ ಉತ್ತರ ಇದು. ಹುಟ್ಟಿದ ಕುಲದಿಂದ ಅಲ್ಲ, ದುಡಿದ ಕೈಯಿಂದ, ಹಂಚಿ ಉಂಡ ತುತ್ತಿನಿಂದ ವ್ಯಕ್ತಿಯ ಬೆಲೆ. ಅಂಬಿಗ, ಮಡಿವಾಳ, ಮಾದಾರ ಎಂದು ಜನ ಹಳಿಯುತ್ತಿದ್ದ ಹೆಸರುಗಳನ್ನೇ ಅವರು ತಲೆಯೆತ್ತಿ ಹೇಳಿಕೊಂಡರು. ಸಂಬಂಧವೆಂದರೆ ಹೊಂದಿಕೊಂಡು ಹೋಗುವುದಷ್ಟೇ ಆಗಿರಲಿಲ್ಲ, ತಪ್ಪು ಕಂಡಾಗ ತಡೆಯುವ ಹಕ್ಕೂ ಅದರೊಳಗೆ ಸೇರಿತ್ತು. ಲಕ್ಕಮ್ಮನ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನ ಹೆಸರಿಟ್ಟುಕೊಂಡೇ ಅವಳು ಗಂಡನನ್ನು ತಿದ್ದಿದಳು.

ಈ ವಿಚಾರಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆಗಾಗಿ ಆ ಇಬ್ಬರು ಬೀಗರಿಗೆ ಕಟ್ಟಿ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಬಿಜ್ಜಳನ ಕೊಲೆಯಾಯಿತು, ಶರಣರು ದಿಕ್ಕಾಪಾಲಾದರು. ಮನೆಮನೆಯ ಜಗಲಿಯ ಮೇಲೆ ಉಳಿದ ಅವರ ವಚನಗಳ ತಾಡೋಲೆಗಳನ್ನು ಹುಡುಕಿ ತಂದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು.

ಇಂದು ನಾವು ಶರಣರ ಜಯಂತಿಗಳನ್ನು ಅದ್ದೂರಿಯಾಗಿ ಮಾಡುತ್ತೇವೆ, ಮಾಡೋಣ. ಅದರ ಜೊತೆಗೆ, ಮನೆಗೆ ಬಂದ ಹೆಚ್ಚಿನ ದುಡ್ಡು ಎಲ್ಲಿಯದು ಎಂದು ಹೆಂಡತಿ ಗಂಡನನ್ನೂ, ಗಂಡ ಹೆಂಡತಿಯನ್ನೂ, ಮಕ್ಕಳು ನಮ್ಮೆಲ್ಲರನ್ನೂ ಕೇಳುವಂತಾಗಲಿ. ಹಾಗೆ ಕೇಳಿದವರ ಮೇಲೆ ಸಿಟ್ಟಾಗದೆ ಉತ್ತರ ಕೊಡೋಣ.