ಕಟ್ಟಳೆಯೊಳಗಿನ ಒಲವು

ತಮ್ಮದೇ ಆಚಾರ, ತಮ್ಮದೇ ಉಡುಗೆ, ತಮ್ಮದೇ ವಿವಾಹಸಂಬಂಧಗಳ ಬೇಲಿಯೊಳಗೆ ಬಾಳುವ ಒಂದು ಸಮಾಜವನ್ನು ಕುರಿತು ಯಾರಾದರೂ ಪ್ರೇಮದ ಕಾದಂಬರಿ ಬರೆದರೆ, ಅದನ್ನು ನಾವು ಯಾವ ಆಧಾರದ ಮೇಲೆ ನಂಬುತ್ತೇವೆ? ಕಾದಂಬರಿಯ ಪಾಠ ಹೇಳಿಕೊಂಡೇ ಬಾಳು ಸವೆಸಿದ ನನಗೆ ಈ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ, ಓಹಾಯೋ, ಇಂಡಿಯಾನಾ ಪ್ರಾಂತಗಳಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಥವೊಂದಿದೆ. ಸ್ವಂತ ಮೋಟಾರು ಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುವ, ಮನೆಯಲ್ಲಿ ಜರ್ಮನ್ ಉಪಭಾಷೆಯೊಂದನ್ನು ಆಡುವ ಈ ಜನರ ಸಂಖ್ಯೆ ಈಗ 4 ಲಕ್ಷವನ್ನು ಮೀರಿದೆ. 1997ರಲ್ಲಿ ಬೆವರ್ಲಿ ಲೂಯಿಸ್ ಎಂಬ ಲೇಖಕಿ ಇವರ ನಡುವಿನ ತರುಣಿಯೊಬ್ಬಳ ಬಹಿಷ್ಕಾರವನ್ನು ವಸ್ತುವಾಗಿಸಿ ‘ದಿ ಶನಿಂಗ್’ ಎಂಬ ಕಾದಂಬರಿ ಬರೆದರು. ಅದು ಜನಪ್ರಿಯವಾದ ಮೇಲೆ ಆಮಿಶ್ ಪ್ರೇಮಕಥೆ ಎಂಬ ಒಂದು ಪ್ರಕಾರವೇ ಬೆಳೆದು ನಿಂತಿತು. ಲಿಂಡಾ ಬೈಲರ್ ಅವರಂತೆ ಸ್ವತಃ ಆ ಪಂಥದವರೇ ಆಗಿ ಬರೆಯುವವರು ವಿರಳ. ಬರೆಯುವವರೂ ಓದುವವರೂ ಬಹುಮಟ್ಟಿಗೆ ಹೊರಗಿನವರು.

ಇಂಥ ಕಥೆಗಳಲ್ಲಿ ಬಿಳಿಯ ಕುಲಾವಿ, ಕುದುರೆಗಾಡಿ, ನಾಲ್ಕಾರು ಜರ್ಮನ್ ಮಾತು ಇವಿಷ್ಟನ್ನು ತಂದಿಡುವುದು ಸುಲಭ. ಕಷ್ಟವಿರುವುದು ಕಟ್ಟಳೆಯನ್ನು ತೂಕ ತಪ್ಪದಂತೆ ತರುವುದರಲ್ಲಿ. ಆಮಿಶರಲ್ಲಿ ದೀಕ್ಷಾಸ್ನಾನ ಶಿಶುವಿಗಲ್ಲ; ಪ್ರಾಯಕ್ಕೆ ಬಂದವರು ಸ್ವಯಿಚ್ಛೆಯಿಂದ ಪಡೆಯತಕ್ಕದ್ದು. ಅದನ್ನು ಪಡೆದು ಮಾತು ಮುರಿದವರಿಗೆ ಬಹಿಷ್ಕಾರ. ಪಡೆಯುವ ಮೊದಲೇ ಹೊರಟುಹೋದ ಹುಡುಗಿಗೆ ತಾಯಿಯ ಕಣ್ಣೀರು ಉಂಟು, ಬಹಿಷ್ಕಾರವಿಲ್ಲ. ಈ ಸೂಕ್ಷ್ಮವನ್ನು ಮರೆತ ಕಥೆಯಲ್ಲಿ ನಾಯಕಿ ಎಷ್ಟು ಅತ್ತರೂ ಬಲ್ಲವರಿಗೆ ಅದು ಹುಸಿ ಅಳುವಾಗಿ ಕೇಳಿಸುತ್ತದೆ.

ಇಷ್ಟು ದೂರದ ಮಾತನ್ನು ಎತ್ತಿದ್ದು ನಮ್ಮ ಸೀಮೆಯನ್ನು ನೋಡಿಕೊಳ್ಳುವುದಕ್ಕಾಗಿ. ಅಂಕಲಿ, ಸದಲಗಾ, ಭೋಜ, ಶೇಡಬಾಳಗಳ ಈ ಕೃಷ್ಣಾ–ದೂಧಗಂಗಾ ಸೀಮೆ ಜೈನ ಒಕ್ಕಲಿಗರ ನೆಲೆ. ಪ್ರಾಕೃತ ವಿದ್ವಾಂಸರಾದ ಡಾ. ಆ. ನೇ. ಉಪಾಧ್ಯೆಯವರು ಹುಟ್ಟಿದ್ದು ಸದಲಗಾದಲ್ಲಿ. ಸೂರ್ಯ ಮುಳುಗುವ ಮುನ್ನ ಊಟ, ಸೋಸಿದ ನೀರು, ಚಾತುರ್ಮಾಸದಲ್ಲಿ ಕಂದಮೂಲಗಳ ತ್ಯಾಗ ಇವು ಇಲ್ಲಿಯ ಮನೆಗಳ ನಡೆ. ನೇಗಿಲು ಹೂಡಿದರೆ ಹುಳು ಸಾಯುವುದಿಲ್ಲವೇ, ಜೈನನಿಗೆ ಬೇಸಾಯ ಹೇಗೆ ಸಲ್ಲುತ್ತದೆ ಎಂದು ಹೊರಗಿನವರು ಕೇಳುವುದುಂಟು. ಗೃಹಸ್ಥನಿಗೆ ಸರ್ವಥಾ ನಿಷಿದ್ಧವಾದದ್ದು ಸಂಕಲ್ಪಪೂರ್ವಕವಾದ ಹಿಂಸೆ. ವೃತ್ತಿಯಲ್ಲಿ ಅನಿವಾರ್ಯವಾಗಿ ಒದಗುವುದನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು ಎಂಬುದು ಶಾಸ್ತ್ರದ ವಿವೇಚನೆ. ಇದನ್ನು ತಿಳಿಯದ ಲೇಖಕನು ಜೈನ ರೈತನನ್ನು ಕಪಟಿಯನ್ನಾಗಿಯೋ ಪೆದ್ದನನ್ನಾಗಿಯೋ ಚಿತ್ರಿಸಿಬಿಡುವ ಅಪಾಯವುಂಟು.

ಈ ಬೇಲಿಯಾದರೂ ಗೋಡೆಯಲ್ಲ. ಅಂಕಲಿಯ ಶಿತೋಳೆ ಸರದಾರರ ವಾಡೆಯಿಂದ ಪ್ರತಿವರ್ಷ ಕುದುರೆಗಳು ಹೊರಟು ಜ್ಞಾನೇಶ್ವರರ ಪಾಲಕಿಗಾಗಿ ಆಳಂದಿಗೆ ಹೋಗುತ್ತವೆ. ಜೈನರೂ ಲಿಂಗಾಯತರೂ ಮರಾಠರೂ ಒಂದೇ ಸಂತೆಯಲ್ಲಿ ಎರಡು ಭಾಷೆಗಳಲ್ಲಿ ವ್ಯವಹರಿಸುತ್ತಾರೆ. ನೆರೆಮನೆಯ ಸದ್ದು ಕೇಳಿಸದಷ್ಟು ಅಚ್ಚುಕಟ್ಟಾದ ಒಂದೇ ಜಾತಿಯ ಹಳ್ಳಿ ಕಾದಂಬರಿಯಲ್ಲಿ ಎದುರಾದರೆ ನನಗೆ ಮೊದಲು ಹುಟ್ಟುವುದು ಸಂಶಯ.

ಕಟ್ಟಳೆಯ ತೂಕದ ಮಾತಿಗೆ ಮರಳೋಣ. 1899ರಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ ಬರೆದರು. ಸಾರಸ್ವತ ಸಮಾಜದ ತರುಣ ವಿಧವೆ ವಿದ್ಯೆ ಕಲಿತು ಮರುಮದುವೆಯಾಗುವ ಕಥೆ ಅದು. ಕಾನೂನು 1856ರಲ್ಲೇ ಅಂಥ ಮದುವೆಗೆ ದಾರಿ ತೆರೆದಿತ್ತು, ಜಾತಿ ತೆರೆದಿರಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮಲೆನಾಡಿನ ಬ್ರಾಹ್ಮಣ ಮನೆಯಲ್ಲಿ ಅದೇ ಕಟ್ಟಳೆಗೆ ಇಡೀ ಆಯುಷ್ಯವನ್ನು ತೆತ್ತ ಬಾಲವಿಧವೆಯ ಬಾಳು. ಈ ಎರಡೂ ಕೃತಿಗಳು ತಮ್ಮ ನೆಲದಲ್ಲಿ ನಿಜ. ಆದರೆ ಅದೇ ಕಥೆಯನ್ನು ಎತ್ತಿ ತಂದು ನಮ್ಮ ಸೀಮೆಯ ಚತುರ್ಥ ಜೈನ ಒಕ್ಕಲಿಗರ ಮನೆಯಲ್ಲಿಟ್ಟರೆ ಅದು ನಿಲ್ಲುವುದಿಲ್ಲ. ಅವರಲ್ಲಿ ವಿಧವೆಯ ಮರುಮದುವೆ, ನಮ್ಮ ಕಡೆಯ ಮಾತಿನಲ್ಲಿ ‘ಉಡಿಕೆ’, ಹಿಂದಿನಿಂದಲೂ ರೂಢಿಯಲ್ಲಿತ್ತು. ಹಾಗೆಂದು ನೋವಿರಲಿಲ್ಲವೆಂದಲ್ಲ, ಮೊದಲ ಮದುವೆಯ ಸಂಭ್ರಮವಾಗಲಿ ಮರ್ಯಾದೆಯಾಗಲಿ ಉಡಿಕೆಗೆ ಇರಲಿಲ್ಲ. ಬಾಗಿಲು ಮುಚ್ಚಿರಲಿಲ್ಲ, ತಗ್ಗಾಗಿತ್ತು. ತಲೆ ಬಾಗಿಸಿಯೇ ಒಳಹೋಗಬೇಕು. ಆ ತಗ್ಗು ಬಾಗಿಲ ಕಥೆಯನ್ನು ಬರೆಯಲು ಬೇರೆಯೇ ಕಣ್ಣು ಬೇಕು.

ಇನ್ನೂ ಒಂದು ವ್ಯತ್ಯಾಸವಿದೆ. ಆಮಿಶ್ ಕಥೆಗಳ ನಾಯಕಿ ಮನೆ ಬಿಟ್ಟರೆ ಸಾಮಾನ್ಯವಾಗಿ ಹೊರಗಿನ ಲೋಕದ ಆಸೆಗೆ ಬಿಡುತ್ತಾಳೆ. ನಮ್ಮ ಸೀಮೆಯಲ್ಲಿ ಲೋಕವನ್ನೇ ಬಿಡಲು ಮನೆ ಬಿಡುವವರೂ ಉಂಟು. ಭೋಜದ ಮನೆತನದ ಸಾತಗೌಡರು ಆಚಾರ್ಯ ಶಾಂತಿಸಾಗರರಾದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರರು 1968ರಲ್ಲಿ ಮುನಿದೀಕ್ಷೆ ಪಡೆದು ವಿದ್ಯಾಸಾಗರರಾದರು, 2024ರಲ್ಲಿ ಸಲ್ಲೇಖನವನ್ನು ಕೈಗೊಂಡರು. ಅವರ ಹಿಂದೆ ಮನೆಯ ಹೆಚ್ಚಿನವರೂ ದೀಕ್ಷೆಯ ದಾರಿ ಹಿಡಿದರು. ಇಂಥ ಮನೆಗಳಲ್ಲಿ ಒಲವಿನ ಎದುರಾಳಿ ಜಾತಿಯೊಂದೇ ಅಲ್ಲ, ವೈರಾಗ್ಯವೂ ಹೌದು. ಪ್ರೀತಿಸಿದವನು ದೀಕ್ಷೆಗೆ ಹೊರಟರೆ ಊರೆಲ್ಲ ಮೆರವಣಿಗೆ ಮಾಡುತ್ತದೆ. ಉಳಿದವಳು ಅಳುವುದಾದರೂ ಹೇಗೆ?

ಈ ಸೀಮೆಯ ಬದುಕನ್ನು ಕಾದಂಬರಿಗೆ ಮೊದಲು ಗಟ್ಟಿಯಾಗಿ ತಂದವರು ಶೇಡಬಾಳದ ಮಿರ್ಜಿ ಅಣ್ಣಾರಾಯರು (1918–1975). ಅವರ ‘ನಿಸರ್ಗ’ದಲ್ಲಿ ಜೈನ ಒಕ್ಕಲು ಮನೆತನದ ಬಾಳು ಈ ಭಾಗದ ಆಡುನುಡಿಯಲ್ಲೇ ಮೂಡಿತು. ಅಲ್ಲಿ ಆಡುನುಡಿ ಒಗ್ಗರಣೆಯಲ್ಲ. ನಾನೇ ಕಟ್ಟಿದ ಒಂದು ಮಾತಿನಿಂದ ಇದನ್ನು ವಿವರಿಸುತ್ತೇನೆ. “ಹೊತ್ತ ಮುಣಗಾಕ ಬಂತು, ಇನ್ನೂ ಉಂಡಿಲ್ಲೇನವಾ?” ಎಂದು ತಾಯಿ ಮಗಳನ್ನು ಕೇಳುತ್ತಾಳೆ ಎನ್ನಿ. ಇದರಲ್ಲಿ ರಾತ್ರಿಭೋಜನ ತ್ಯಾಗದ ನಿಯಮವಿದೆ, ಮಗಳ ಹಸಿವಿನ ಚಿಂತೆಯಿದೆ, ಇವಳ ಮನಸ್ಸು ಎಲ್ಲಿ ಹೋಗಿದೆ ಎಂಬ ಗುಮಾನಿಯೂ ಇದೆ. ಅಡಿಟಿಪ್ಪಣಿ ಹಾಕಿ ನಿಯಮವನ್ನು ತಿಳಿಸಬಹುದು, ಗುಮಾನಿಯನ್ನು ತಿಳಿಸಲಾಗದು. ಹಾಗೆಯೇ ಒಂದೇ ಮನೆಯಲ್ಲಿ ಅವ್ವ ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಮಗ ಹೊಲದ ಗುಡಿಸಲಲ್ಲಿ ರೊಟ್ಟಿಯ ಜೊತೆ ಕಡಿಯುತ್ತಾನೆ, ಅವ್ವನಿಗೆ ಅದು ಗೊತ್ತಿದ್ದೂ ಕೇಳುವುದಿಲ್ಲ. ಎಲ್ಲರೂ ಎಲ್ಲ ನಿಯಮವನ್ನೂ ಸಮನಾಗಿ ಪಾಲಿಸುವ ಮನೆ ನಾನು ಕಂಡಿಲ್ಲ.

ಕಟ್ಟಳೆಯೇ ಕಥೆಯ ಬೆನ್ನೆಲುಬಾದ ಕೃತಿಯೆಂದರೆ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಅದು 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖ್ ಆದ ನಾದಿರಾ ತಾನು ಪ್ರೀತಿಸುವ ಗಂಡನನ್ನೇ ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕು. ಅದನ್ನು ಸಹಿಸಲಾರದೆ ಅವಳು ಮಸೀದಿಯ ಕೊಳದಲ್ಲಿ ಪ್ರಾಣಬಿಡುತ್ತಾಳೆ. ಒಂದೇ ಉಸಿರಿನ ತ್ರಿವಳಿ ತಲಾಖನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅಸಿಂಧುಗೊಳಿಸಿತು. ಆದರೂ ನಾದಿರಾಳ ಸಂಕಟ ಓದುಗರಿಗೆ ಹಳತಾಗಿಲ್ಲ. ಆ ಕಟ್ಟಳೆ ಅವಳ ಮೈಮೇಲೆ ಎಷ್ಟು ಭಾರವಾಗಿ ಬಿದ್ದಿತ್ತೆಂಬುದು ಅಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಾಗದೆ ಬಂದಿದೆ. ಲೇಖಕಿ ತಮ್ಮ ಬರಹಕ್ಕಾಗಿ ತಮ್ಮವರಿಂದಲೇ ಕಟುವಾದ ವಿರೋಧವನ್ನು ಎದುರಿಸಬೇಕಾಯಿತು.

ಒಳಗಿನವರು ಮಾತ್ರ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಒಳಗಿದ್ದೂ ಕಣ್ಣು ಮುಚ್ಚಿಕೊಂಡವರುಂಟು. ಆದರೆ ಗುಲ್ವಾಡಿಯವರಿಗೂ ಮಿರ್ಜಿಯವರಿಗೂ ಸಾರಾ ಅವರಿಗೂ ಒಂದು ಹಂಗು ಇತ್ತು. ತಾವು ಯಾರನ್ನು ಕುರಿತು ಬರೆದರೋ ಅವರೇ ಮಾರನೆಯ ದಿನ ಬೀದಿಯಲ್ಲಿ ಎದುರಾಗಿ “ಹೀಗೆಲ್ಲಿದೆ?” ಎಂದು ಕೇಳಬಹುದಾಗಿತ್ತು. ಹೊರಗಿನವರು ಹೊರಗಿನವರಿಗಾಗಿಯೇ ಬರೆಯುವಾಗ ಆ ಪ್ರಶ್ನೆ ಕೇಳುವವರಿರುವುದಿಲ್ಲ. ಹಾಗಾದಾಗ ಸಮಾಜವೊಂದು ನೋಡಲು ಚೆಂದವಾದ ಗೊಂಬೆಯಂಗಡಿಯಾಗಿಬಿಡುತ್ತದೆ. ಅಲ್ಲಿ ನಿಜವಾಗಿ ಉಸಿರು ಕಟ್ಟಿದ ಹುಡುಗಿಯೂ, ನಿಜವಾಗಿ ನೆಮ್ಮದಿ ಕಂಡ ಹುಡುಗಿಯೂ ಇಬ್ಬರೂ ಮರೆಯಾಗುತ್ತಾರೆ.

ನಮ್ಮ ನದೀತೀರದ ಊರುಗಳಿಂದ ಹೊಸ ಲೇಖಕರು, ವಿಶೇಷವಾಗಿ ಹೆಣ್ಣುಮಕ್ಕಳು, ಬರೆಯತೊಡಗಿದರೆ ಅವರಲ್ಲಿ ನನ್ನದೊಂದೇ ಕೋರಿಕೆ. ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸುವ ಮುನ್ನ ಊರಿನ ಹಿರಿಯ ಹೆಂಗಸೊಬ್ಬರ ಮುಂದೆ ಗಟ್ಟಿಯಾಗಿ ಓದಿರಿ. ಅವರು ಒಪ್ಪಲೇಬೇಕೆಂದಿಲ್ಲ, ಸಿಟ್ಟಾದರೂ ಚಿಂತೆಯಿಲ್ಲ. ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದನ್ನು ಮಾತ್ರ ಗುರುತು ಹಾಕಿಕೊಂಡು ಬನ್ನಿ.