ಓದಿದ ಹುಡುಗರ ಪಟ್ಟಿ

ಶ್ರೀಲಂಕಾದ ಗಲಭೆ ಎಂದರೆ ನಮಗೆ ಥಟ್ಟನೆ ನೆನಪಾಗುವುದು ತಮಿಳರ ಹೋರಾಟ. ಅದಕ್ಕೂ ಮೊದಲು, 1971ರ ಏಪ್ರಿಲ್‌ನಲ್ಲಿ, ಅಲ್ಲಿಯ ಸಿಂಹಳ ಹುಡುಗರೇ ತಮ್ಮ ಸರ್ಕಾರದ ಮೇಲೆ ತಿರುಗಿಬಿದ್ದಿದ್ದರು. ನಾಡಬಾಂಬು, ಕೋವಿ ಹಿಡಿದು ಪೊಲೀಸ್ ಠಾಣೆಗಳಿಗೆ ನುಗ್ಗಿದ್ದರು. ಆಗ ಪ್ರಧಾನಿಯಾಗಿದ್ದವರು ಸಿರಿಮಾವೊ ಬಂಡಾರನಾಯಿಕೆ. 1960ರಲ್ಲಿ ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಎಂದು ನಾವೆಲ್ಲ ಹೆಮ್ಮೆಪಟ್ಟಿದ್ದ ಹೆಣ್ಣುಮಗಳು. ದಂಗೆಯನ್ನು ಸೈನ್ಯ ಕೆಲವೇ ವಾರಗಳಲ್ಲಿ ಹತ್ತಿಕ್ಕಿತು.

ಯಾರು ಈ ಹುಡುಗರು? ಇತಿಹಾಸ ಪಾಠ ಹೇಳುತ್ತಿದ್ದ ನನಗೆ ಈ ಪ್ರಶ್ನೆಯ ಗೀಳು ಹಿಡಿದದ್ದು ಗಣನಾಥ ಒಬೆಯೆಸೇಕರ ಅವರು 1974ರಲ್ಲಿ ಪ್ರಕಟಿಸಿದ ಲೇಖನ ಓದಿದಾಗ. ಸೆರೆಸಿಕ್ಕ 10,192 ಜನರ ವಿವರಗಳನ್ನು ಅವರು ಜಾಲಾಡಿದ್ದರು. ಪುಂಡರ ಪಟ್ಟಿ ಇರಬಹುದೆಂದು ನೋಡಿದರೆ, ಅದು ಹಳ್ಳಿಗಾಡಿನ ಓದಿದ ಮಕ್ಕಳ ಪಟ್ಟಿ! ಊರ ಶಾಲೆಯಲ್ಲಿ ಸಿಂಹಳದಲ್ಲಿ ಕಲಿತು, ಪರೀಕ್ಷೆ ಪಾಸು ಮಾಡಿ, ಮನೆಯಲ್ಲಿ ಕೂತವರು.

ಅಲ್ಲಿ 1945ರಲ್ಲೇ ವಿಶ್ವವಿದ್ಯಾಲಯದವರೆಗೂ ಓದು ಉಚಿತವಾಯಿತು. 1956ರಲ್ಲಿ ಸಿಂಹಳವೇ ಆಡಳಿತ ಭಾಷೆ ಎಂದು ಕಾನೂನಾಯಿತು. ಆದರೂ ಒಳ್ಳೆಯ ಕೆಲಸಗಳ ಬಾಗಿಲು ತೆರೆಯುತ್ತಿದ್ದುದು ಇಂಗ್ಲಿಷ್ ಬಲ್ಲವರಿಗೆ. ಹಳ್ಳಿಯ ವಿದ್ಯಾರ್ಥಿಗಳು ಇಂಗ್ಲಿಷಿಗೆ 'ಕಡುವ' ಎಂದು ಹೆಸರಿಟ್ಟರು. ಕಡುವ ಎಂದರೆ ಕತ್ತಿ. ಈ ಅಡ್ಡಹೆಸರು ಹೇಳುವಷ್ಟನ್ನು ದೊಡ್ಡ ಪ್ರಬಂಧವೂ ಹೇಳಲಾರದು ಎನಿಸುತ್ತದೆ ನನಗೆ. ನಮ್ಮ ಊರುಗಳಲ್ಲೂ ಕನ್ನಡ ಶಾಲೆಯಿಂದ ಕಾಲೇಜಿಗೆ ಹೋದ ಮಕ್ಕಳ ಮುಖ ನೆನಪಿಸಿಕೊಳ್ಳಿ.

ಅದೇ 1971ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪರವಾಗಿ ಬಂದ ಡಡ್ಲಿ ಸೀರ್ಸ್ ತಂಡ, ಮಕ್ಕಳ ಓದು ಹುಟ್ಟಿಸಿದ ನಿರೀಕ್ಷೆಗೂ ದೇಶದಲ್ಲಿದ್ದ ಕೆಲಸಗಳಿಗೂ ತಾಳೆಯಿಲ್ಲ ಎಂದಿತು. ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. 1979ರಲ್ಲಿ ಕಾಯ್ದೆ ತಂದು ಯುವಜನ ಸೇವಾ ಮಂಡಳಿ ಮಾಡಿತು. ತರಬೇತಿ, ಆಟೋಟ, ಸಂಘಗಳು ಎಲ್ಲ ಆದವು. ಆದರೆ ನೌಕರಿ ಬೇಕೆಂದರೆ ಸಂಸತ್ ಸದಸ್ಯನ ಚೀಟಿ ಹಿಡಿದೇ ಹೋಗಬೇಕು! ಇತ್ತ 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಸೇರಲು ತಮಿಳು ಮಕ್ಕಳಿಗೆ ಹೆಚ್ಚು ಅಂಕ ಬೇಕೆಂಬ ಪದ್ಧತಿ ತಂದು, ಜಾಫ್ನಾದ ಹುಡುಗರನ್ನೂ ಕೆರಳಿಸಿದ್ದಾಗಿತ್ತು.

1987ರಿಂದ 89ರವರೆಗೆ ದಕ್ಷಿಣದಲ್ಲಿ ಎರಡನೆಯ ದಂಗೆ. ಈ ಸಲ ಸತ್ತವರು, ಕಾಣೆಯಾದವರು ಹತ್ತಾರು ಸಾವಿರ. ದಂಗೆಕೋರರೂ ಕೊಂದರು, ಸರ್ಕಾರದ ಪಡೆಗಳೂ ಕೊಂದವು. 1989ರಲ್ಲಿ ಅಧ್ಯಕ್ಷರು ನೇಮಿಸಿದ ಯುವಜನ ಆಯೋಗ ಮರುವರ್ಷವೇ ವರದಿ ಕೊಟ್ಟಿತು. ನಿರುದ್ಯೋಗದ ಜೊತೆಗೆ ಅದು ಮುಖ್ಯವಾಗಿ ದೂರಿದ್ದು ಎಲ್ಲದರಲ್ಲೂ ರಾಜಕೀಯ ಕೈ ಹಾಕುವ ಚಾಳಿಯನ್ನು, ಅಧಿಕಾರದ ದುರುಪಯೋಗವನ್ನು. ಸರ್ಕಾರವೇ ನೇಮಿಸಿದ ಆಯೋಗ ಇಷ್ಟು ನೇರವಾಗಿ ಮಾತಾಡಿದ್ದು ಅಪರೂಪವೇ ಸರಿ.

ಆದರೆ ಆ ವರ್ಷದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 1990ರ ಜುಲೈನಲ್ಲಿ ಮಾತರ ಊರಿನಲ್ಲಿ 'ತಾಯಂದಿರ ರಂಗ' ಹುಟ್ಟಿತು. ಜಾಫ್ನಾದ ತಮಿಳು ತಾಯಂದಿರು 1984ರಲ್ಲೇ ಇದೇ ಹೆಸರಿನಲ್ಲಿ ಒಂದಾಗಿದ್ದರು. ನಮ್ಮ ಮಕ್ಕಳು ಎಲ್ಲಿ ಎಂಬುದೊಂದೇ ಅವರ ಪ್ರಶ್ನೆ. ದಕ್ಷಿಣದ ತಾಯಂದಿರು ಕಾಳಿಯ ಗುಡಿಗೆ ಹೋಗಿ, ತೆಂಗಿನಕಾಯಿ ಒಡೆದು, ಮಕ್ಕಳನ್ನು ಒಯ್ದವರಿಗೆ ಬಹಿರಂಗವಾಗಿ ಶಾಪ ಹಾಕಿದರು. ಮಾನವಶಾಸ್ತ್ರಜ್ಞೆ ಮಾಲತಿ ಡಿ ಆಲ್ವಿಸ್ ಈ ಕಣ್ಣೀರು, ಶಾಪಗಳನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. ಸಭೆ ನಿಷೇಧಿಸಬಹುದು, ಪೂಜೆಗೆ ಬಂದ ಹೆಂಗಸಿನ ಬಾಯಿ ಕಟ್ಟುವುದು ಕಷ್ಟ.

ಅಧ್ಯಯನಗಳು ಆಮೇಲೂ ನಿಲ್ಲಲಿಲ್ಲ. ದೆಹಲಿಯ ಹಿಂದೂ ಕಾಲೇಜಿನಲ್ಲಿ ಓದಿದ್ದ ಹರಿಣಿ ಅಮರಸೂರ್ಯ 2009ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಬರೆದ ವರದಿ, ಕೆಲಸವಿಲ್ಲದ್ದಕ್ಕೇ ಹುಡುಗರು ದಂಗೆಯೇಳುತ್ತಾರೆ ಎಂಬ ಸಲೀಸಾದ ಲೆಕ್ಕವನ್ನು ಪ್ರಶ್ನಿಸಿತು. ಹುಡುಗರು ಸರ್ಕಾರಿ ನೌಕರಿ ಕೇಳುವುದು ಸಂಬಳಕ್ಕಷ್ಟೇ ಅಲ್ಲ. ನಾಲ್ಕು ಜನರ ನಡುವೆ ಮರ್ಯಾದೆ ಬೇಕು. ಮದುವೆಯ ಮಾತುಕತೆಗೆ ಕೂತ ಯಾವ ತಾಯಿಗೆ ಇದು ಗೊತ್ತಿಲ್ಲ ಹೇಳಿ!

2024ರಲ್ಲಿ, ಎರಡು ದಂಗೆಗಳನ್ನೂ ನಡೆಸಿದ್ದ ಆ ಜನತಾ ವಿಮುಕ್ತಿ ಪೆರಮುನ ಪಕ್ಷದ ನಾಯಕ ಅನುರ ಕುಮಾರ ದಿಸ್ಸನಾಯಕೆ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷರಾದರು. ಅವರು ಪ್ರಧಾನಿಯ ಕುರ್ಚಿಗೆ ಕರೆದದ್ದು ಇದೇ ಹರಿಣಿಯವರನ್ನು.