ಮಲೆನಾಡಿನ ವಿಶ್ವಾಸಿಯ ಮನೆಗೆ ಶ್ರೀಗ್ರಂಥ ಬಂದ ಬಗೆ

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯುವಾಗ ದೇವಾಲಯದ ಕಟ್ಟಡ, ಗಂಟೆ, ಗೋಪುರ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಶಾಲೆ, ಕಾನ್ವೆಂಟು ಇವುಗಳ ವಿವರ ಬರುವುದು ವಾಡಿಕೆ. ಅವೆಲ್ಲವೂ ಸ್ಮರಣೀಯವೇ. ಆದರೆ ಅಷ್ಟಾಗಿ ಯಾರೂ ಬರೆದಿಡದ ಇನ್ನೊಂದು ಚರಿತ್ರೆಯಿದೆ. ಸಕಲೇಶಪುರ, ಆಲೂರು ಸೀಮೆಯ ಸಾಮಾನ್ಯ ಕ್ರೈಸ್ತ ವಿಶ್ವಾಸಿಯ ಕೈಗೆ ಪವಿತ್ರ ಶ್ರೀಗ್ರಂಥವು ಯಾವ ದಾರಿಯಿಂದ ಬಂದಿತು? ಅದು ಬರುವುದಕ್ಕೆ ಮುಂಚೆ ಅವನ ವಿಶ್ವಾಸವನ್ನು ಪೋಷಿಸಿದುದು ಯಾವುದು? ಬಂದ ಮೇಲೆ ಅವನು ಪಡೆದುಕೊಂಡ ಪ್ರಯೋಜನವೆಷ್ಟು? ಈ ಮೂರು ಪ್ರಶ್ನೆಗಳನ್ನು ಹಿಡಿದು ನಾವು ಇಲ್ಲಿ ನಾಲ್ಕು ಮಾತುಗಳನ್ನು ಬರೆಯಬಯಸುತ್ತೇವೆ.

ದೊಡ್ಡ ಸ್ವಾಮಿಯವರ ಕಾಲ

ಮೈಸೂರು ಸೀಮೆಯಲ್ಲಿ ಕ್ರೈಸ್ತ ಬೋಧನೆಯು ಕನ್ನಡದ ಬಾಗಿಲಿನಿಂದಲೇ ಪ್ರವೇಶಿಸಿತು. 1649ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಮಿಷನ್ ಸ್ಥಾಪಿಸಿದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡವನ್ನು ಕಲಿತು ವ್ಯಾಕರಣವನ್ನೂ ಜ್ಞಾನೋಪದೇಶದ ಪುಸ್ತಕವನ್ನೂ ರಚಿಸಿದರು. ಹಾಸನ ಸೀಮೆಯ ಮಟ್ಟಿಗೆ ಅತ್ಯಂತ ಸ್ಮರಣೀಯ ಹೆಸರು ಫ್ರಾನ್ಸಿನ ಅಬ್ಬೆ ದ್ಯುಬುವಾ ಅವರದು. 1792ರಲ್ಲಿ ಭಾರತಕ್ಕೆ ಬಂದ ಅವರು 1799ರ ನಂತರ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು; ಹಾಸನಕ್ಕೆ ಸಮೀಪದ ಸಾತಳ್ಳಿಯಲ್ಲಿ ಬೇಸಾಯದ ಕ್ರೈಸ್ತ ನೆಲೆಯನ್ನು ಕಟ್ಟಿದರು; ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿಯೂ ಶ್ರಮಿಸಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು.

ಇಷ್ಟು ಜನಾನುರಾಗಿಯಾಗಿದ್ದ ದ್ಯುಬುವಾ ಅವರೇ ಶ್ರೀಗ್ರಂಥವನ್ನು ಭಾಷಾಂತರಿಸಿ ಜನರ ಕೈಗೆ ಕೊಡುವುದನ್ನು ಬಲವಾಗಿ ವಿರೋಧಿಸಿದರೆಂಬುದು ಇಂದಿನವರಿಗೆ ಸೋಜಿಗವೆನಿಸಬಹುದು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಈ ವಾದವನ್ನು ಮಂಡಿಸಿದ್ದಾರೆ. ಅಂದಿನ ಭಾಷಾಂತರಗಳು ಒರಟಾಗಿವೆ ಎಂಬುದು ಒಂದು ಆಕ್ಷೇಪಣೆ. ಅಬ್ರಹಾಮನು ಅತಿಥಿಗಳಿಗಾಗಿ ಕರುವನ್ನು ಕೊಯ್ಸಿದಂತಹ ವೃತ್ತಾಂತಗಳನ್ನು ವಿವರಣೆಯಿಲ್ಲದೆ ಓದಿದ ಹಿಂದೂ ಓದುಗನು ಅಸಹ್ಯದಿಂದ ಪುಸ್ತಕವನ್ನು ಬದಿಗಿಡುವನೆಂಬುದು ಇನ್ನೊಂದು. ಮೊದಲು ಉಪದೇಶ, ಅನಂತರ ಗ್ರಂಥ ಎಂಬುದು ಅವರ ನಿಲುವು.

ಇದು ಅವರೊಬ್ಬರ ನಿಲುವಾಗಿರಲಿಲ್ಲ. 1564ರಲ್ಲಿ, ಟ್ರೆಂಟ್ ಮಹಾಸಭೆಯ ಬೆನ್ನಲ್ಲೇ ಪ್ರಕಟವಾದ ನಿಯಮಗಳ ಮೇರೆಗೆ, ಜನಭಾಷೆಯ ಶ್ರೀಗ್ರಂಥವನ್ನು ಓದಲು ಧರ್ಮಾಧ್ಯಕ್ಷರ ಅನುಮತಿ ಬೇಕಾಗಿತ್ತು. 1757ರಲ್ಲಿ ಆ ಕಟ್ಟು ಸಡಿಲವಾಗಿ, ಟಿಪ್ಪಣಿಗಳೊಡನೆ ಅಂಗೀಕೃತವಾದ ಭಾಷಾಂತರಗಳಿಗೆ ಅವಕಾಶ ದೊರೆಯಿತು. ಆದರೂ ಗ್ರಂಥವು ಗುರುಗಳದು, ಕೇಳುವುದು ಜನರದು ಎಂಬ ಭಾವನೆ ಬಹುಕಾಲ ಉಳಿಯಿತು.

ಇದೇ ವೇಳೆಗೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ಕನ್ನಡಕ್ಕೆ ಶ್ರೀಗ್ರಂಥವನ್ನು ತರುತ್ತಿದ್ದರು. 1810ರಲ್ಲಿ ಅಲ್ಲಿಗೆ ಬಂದ ಅವರ ಶ್ರಮದಿಂದ 1831ರ ಸುಮಾರಿಗೆ ಇಡೀ ಗ್ರಂಥ ಕನ್ನಡದಲ್ಲಿ ದೊರೆಯಿತು. ಅನಂತರ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ಪರಿಷ್ಕರಿಸಿದರು. ಈ ಪ್ರೊಟೆಸ್ಟಂಟ್ ವಿದ್ವಾಂಸರಿಗೆ ಕನ್ನಡಿಗರೆಲ್ಲರೂ ಋಣಿಗಳು. ಆದರೆ ನಮ್ಮ ಹಿರಿಯರಿಗೆ ಅದು ಪರರ ಪುಸ್ತಕವೆನಿಸಿತು. ಕ್ಯಾಥೋಲಿಕ್ ಗ್ರಂಥದ 73 ಭಾಗಗಳಲ್ಲಿ ತೊಬೀತ, ಸಿರಾಖ, ಮಕ್ಕಬಿಯರು ಮೊದಲಾದ ಏಳು ಅದರ 66ರಲ್ಲಿ ಸೇರಿರಲಿಲ್ಲ.

ಕೇಳಿ ಕಲಿತ ವಿಶ್ವಾಸ

ಮಂಜರಾಬಾದ್ ಎಂದು ಆಗ ಕರೆಯುತ್ತಿದ್ದ ಸಕಲೇಶಪುರ ಸೀಮೆಯಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಆಂಗ್ಲರು ಕಾಫಿ ಬೇಸಾಯಕ್ಕೆ ಕೈಹಚ್ಚಿದ ಮೇಲೆ ಈ ಬೆಟ್ಟಗಳ ಸ್ವರೂಪವೇ ಬದಲಾಯಿತು. ತೋಟಗಳ ಕೆಲಸಕ್ಕಾಗಿ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಕೊಂಕಣಿ ಮಾತಿನವರು ಬಂದರು. ತಮಿಳು ಸೀಮೆಯಿಂದ ಕೂಲಿಗಳು ಬಂದರು. ಬಯಲುಸೀಮೆಯ ಕನ್ನಡ ಕ್ರೈಸ್ತರೂ ಸೇರಿಕೊಂಡರು. ರೈಟರ ಮನೆಯಲ್ಲೊಂದು ಭಾಷೆ, ಲೈನು ಮನೆಗಳಲ್ಲಿ ಇನ್ನೊಂದು, ಸಂತೆಯಲ್ಲಿ ಮತ್ತೊಂದು. ಪೂಜೆ ಮಾತ್ರ ಎಲ್ಲರಿಗೂ ಲತೀನಿನಲ್ಲಿ.

ದೇವಾಲಯ ಮೈಲಿಗಟ್ಟಲೆ ದೂರ; ಮುಂಗಾರು ಹಿಡಿದರೆ ಹಳ್ಳಕೊಳ್ಳಗಳು ತುಂಬಿ ದಾರಿಯೇ ಇಲ್ಲ. ಅಂತಹ ದಿನಗಳಲ್ಲಿ ವಿಶ್ವಾಸವನ್ನು ಕಾಯ್ದುದು ಸಂಜೆಯ ಜಪಮಾಲೆ, ತಪಸ್ಸುಕಾಲದ ಶಿಲುಬೆಹಾದಿ, ಬಾಯಿಪಾಠದ ಜ್ಞಾನೋಪದೇಶ ಮತ್ತು ಉಪದೇಶಿಗಳು ಹೇಳುತ್ತಿದ್ದ ಕಥೆಗಳು. ಓದುಬರಹ ಬಾರದ ತಾಯಂದಿರು ಮೂವತ್ತು ನಲವತ್ತು ಪ್ರಶ್ನೋತ್ತರಗಳನ್ನು ತಪ್ಪಿಲ್ಲದೆ ಮಕ್ಕಳಿಗೆ ಒಪ್ಪಿಸುತ್ತಿದ್ದರು. ಕರಾವಳಿಯಿಂದ ಬಂದವರಿಗೆ ಇದಕ್ಕಿಂತ ಹಳೆಯದಾದ ಪರಂಪರೆಯೂ ಇತ್ತು. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ತೋಮಸ್ ಸ್ಟೀಫನ್ಸರು ಗೋವೆಯಲ್ಲಿ ರಚಿಸಿ 1616ರಲ್ಲಿ ಅಚ್ಚು ಹಾಕಿಸಿದ ಕ್ರಿಸ್ತಪುರಾಣವು ಹಳೆಯ ಹಾಗೂ ಹೊಸ ಒಡಂಬಡಿಕೆಗಳ ಕಥೆಯನ್ನು ಸುಮಾರು 11,000 ಓವಿಗಳಲ್ಲಿ ಹೇಳುತ್ತದೆ. ಭಾಷಾಂತರದ ಕಟ್ಟುಪಾಡಿದ್ದ ಕಾಲದಲ್ಲಿ ಶ್ರೀಗ್ರಂಥವು ಹೀಗೆ ಪುರಾಣದ ರೂಪದಲ್ಲಿ ಜನರ ಕಿವಿಗೆ ಬಿದ್ದಿತು. ಮಂಗಳೂರಿನಲ್ಲಿ ಅದು 1907ರಲ್ಲಿ ಮತ್ತೆ ಮುದ್ರಣ ಕಂಡಿತು.

ಹಿರಿಯರ ಈ ಶ್ರವಣಭಕ್ತಿಯನ್ನು ಅಜ್ಞಾನವೆಂದು ಕಡೆಗಣಿಸುವುದು ಸಲ್ಲದು. ಜಪಮಾಲೆಯು ಬೆರಳತುದಿಯಲ್ಲಿ ಹಿಡಿದ ಶುಭಸಂದೇಶವೇ ಸರಿ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಹಿಂದಿನ ಹದಿನೈದು ರಹಸ್ಯಗಳಲ್ಲಿ ಸಂತೋಷದ ರಹಸ್ಯಗಳು ಹನ್ನೆರಡು ವರ್ಷದ ಬಾಲಯೇಸು ದೇವಾಲಯದಲ್ಲಿ ಸಿಕ್ಕಿದಲ್ಲಿಗೆ ಮುಗಿಯುತ್ತವೆ. ದುಃಖದ ರಹಸ್ಯಗಳು ಗೆತ್ಸೆಮನೆ ತೋಪಿನಲ್ಲಿ ತೊಡಗುತ್ತವೆ. ನಡುವಿನ ಬೆಟ್ಟದ ಬೋಧನೆ, ಸಾಮತಿಗಳು, ರೋಗಿಗಳೊಡನೆಯೂ ಪಾಪಿಗಳೊಡನೆಯೂ ಕುಳಿತ ಊಟಗಳು ಆ ಮಣಿಗಳಲ್ಲಿ ಇರಲಿಲ್ಲ. 2002ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆಯೇ ಯೇಸುಸ್ವಾಮಿಯ ಬಹಿರಂಗ ಜೀವನಕ್ಕೆ ಅಲ್ಲಿ ಸ್ಥಾನ ದೊರೆತದ್ದು. ಪ್ರಭುವಿನ ಹುಟ್ಟನ್ನೂ ಸಾವನ್ನೂ ಪುನರುತ್ಥಾನವನ್ನೂ ನಮ್ಮ ಹಿರಿಯರು ಅಂತರಂಗದಲ್ಲಿ ಬಲ್ಲವರಾಗಿದ್ದರು. ಅವರ ಬೋಧನೆ ಮಾತ್ರ ಗುರುಗಳ ಪ್ರಸಂಗದಲ್ಲಿ ಬಂದಷ್ಟೇ ಅವರ ಪಾಲಿಗೆ ಬಂದಿತು. ಈ ನಡುವಿನ ಭಾಗವನ್ನು ತುಂಬಿಕೊಡುವುದೇ ಶ್ರೀಗ್ರಂಥದ ಸ್ವಂತ ಓದು.

ಬಾಗಿಲು ತೆರೆದ ಬಗೆ

ಬದಲಾವಣೆ ಒಮ್ಮೆಗೇ ಆದುದಲ್ಲ. 1893ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಶ್ರೀಗ್ರಂಥದ ವ್ಯಾಸಂಗವನ್ನು ಕುರಿತು ವಿಶ್ವಪತ್ರವನ್ನು ಬರೆದರು. 1898ರಲ್ಲಿ ದಿನಕ್ಕೆ ಕಾಲು ಗಂಟೆಯಾದರೂ ಶುಭಸಂದೇಶವನ್ನು ಓದುವ ವಿಶ್ವಾಸಿಗಳಿಗೆ ದಂಡವಿಮೋಚನೆಯನ್ನು ಘೋಷಿಸಿದರು. 1943ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಮೂಲಭಾಷೆಗಳಿಂದಲೇ ಭಾಷಾಂತರ ಮಾಡಲು ಉತ್ತೇಜನವಿತ್ತರು. ಕೊನೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ನವೆಂಬರ್ 18ರಂದು ಹೊರಡಿಸಿದ ದೈವಪ್ರಕಟಣೆಯ ಶಾಸನದಲ್ಲಿ ಶ್ರೀಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ಅಗಲವಾಗಿ ತೆರೆದಿರಬೇಕೆಂದು ವಿಧಿಸಿತು; ಇತರ ಕ್ರೈಸ್ತರೊಡನೆ ಕೂಡಿ ಭಾಷಾಂತರಿಸುವುದಕ್ಕೂ ಒಪ್ಪಿಗೆ ನೀಡಿತು. ದ್ಯುಬುವಾ ಅವರ ಪತ್ರಗಳಿಂದ ಈ ಶಾಸನದವರೆಗೆ 142 ವರ್ಷಗಳು ಸಂದಿದ್ದವು.

ನಮ್ಮ ಸೀಮೆಗೆ ಈ ಗಾಳಿ ಬೇಗನೆ ಬೀಸಿತು. ಮಹಾಸಭೆ ನಡೆಯುತ್ತಿದ್ದಾಗಲೇ, 1963ರಲ್ಲಿ, ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಗೊಂಡು ಹಾಸನ ಜಿಲ್ಲೆ ಅದರಲ್ಲಿ ಸೇರಿತು. ಪರಮಪೂಜ್ಯ ಅಲ್ಫೋನ್ಸಸ್ ಮಥಾಯಸ್ ಅವರು ಪ್ರಥಮ ಧರ್ಮಾಧ್ಯಕ್ಷರಾದರು. 1967ರಲ್ಲಿ ಬೆಂಗಳೂರಿನಲ್ಲಿ ಪೂಜ್ಯ ಅಮಲೋರ್ಪವದಾಸ್ ಅವರು ಶ್ರೀಗ್ರಂಥ, ಜ್ಞಾನೋಪದೇಶ ಮತ್ತು ಆರಾಧನಾವಿಧಿಗಳ ರಾಷ್ಟ್ರೀಯ ಕೇಂದ್ರವನ್ನು ಆರಂಭಿಸಿದರು. ಪೂಜೆ ಜನರ ಭಾಷೆಗೆ ಬಂದಿತು. 1969ರ ಹೊಸ ವಾಚನಕ್ರಮವು ಭಾನುವಾರದ ವಾಚನಗಳನ್ನು ಮೂರು ವರ್ಷಗಳಿಗೆ ಹರಡಿ, ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ ಎಂದು ಕ್ರಮಗೊಳಿಸಿತು. ತೋಟದ ಕೆಲಸಗಾರನೂ ವಾಚನಪೀಠದಲ್ಲಿ ನಿಂತು ತನ್ನ ಭಾಷೆಯಲ್ಲಿ ಪ್ರವಾದಿಯ ಮಾತನ್ನು ಓದಬಹುದಾದ ಕಾಲ ಬಂದಿತು. ಮುಂದೆ ಭಾರತೀಯ ಬೈಬಲ್ ಸೊಸೈಟಿಯು ಕ್ಯಾಥೋಲಿಕರು ಸ್ವೀಕರಿಸುವ ಭಾಗಗಳನ್ನೂ ಒಳಗೊಂಡಂತೆ ಸರಳ ಕನ್ನಡದ ಶ್ರೀಗ್ರಂಥವನ್ನು ಹೊರತಂದಾಗ ಪರರ ಪುಸ್ತಕವೆಂಬ ಹಳೆಯ ಸಂಕೋಚಕ್ಕೆ ಕಾರಣವೇ ಉಳಿಯಲಿಲ್ಲ.

ಓದುವ ಬಗೆ

ಇಂದು ಶ್ರೀಗ್ರಂಥವಿಲ್ಲದ ಕ್ರೈಸ್ತ ಮನೆ ಅಪರೂಪ. ಜೇಬಿನ ಮೊಬೈಲಿನಲ್ಲಿಯೂ ಅದು ದೊರೆಯುತ್ತದೆ. ಆದರೆ ಎಷ್ಟು ಮನೆಗಳಲ್ಲಿ ಅದು ದೇವರಪೀಠದ ಮೇಲೆ ಬಟ್ಟೆ ಹೊದ್ದು, ಮದುವೆ ಮರಣಗಳಂದು ಮಾತ್ರ ಹೊರಬರುತ್ತಿದೆಯೆಂಬುದನ್ನು ನಾವೇ ಕೇಳಿಕೊಳ್ಳಬೇಕಾಗಿದೆ. ಬಾಯಿಪಾಠದ ಜ್ಞಾನೋಪದೇಶ ಮರೆತಿದೆ, ಗ್ರಂಥದ ಓದು ಬಂದಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಮಕ್ಕಳನ್ನು ಅವರ ವಿಶ್ವಾಸದ ಬಗ್ಗೆ ಯಾರಾದರೂ ಪ್ರಶ್ನಿಸಿದರೆ ಅವರು ನಿರುತ್ತರರಾಗುವುದು ಈ ಎರಡರ ನಡುವೆ ಸಿಕ್ಕಿಕೊಂಡುದರಿಂದಲೇ.

ಓದಿಗೆ ಪಾಂಡಿತ್ಯ ಬೇಕಿಲ್ಲ. ಮುಂದಿನ ಭಾನುವಾರದ ಶುಭಸಂದೇಶವನ್ನು ಶನಿವಾರ ಸಂಜೆಯೇ ಮನೆಯಲ್ಲಿ ಗಟ್ಟಿಯಾಗಿ ಓದುವುದರಿಂದ ಆರಂಭಿಸಬಹುದು. ಹೊಸಬರು ಅತಿ ಚಿಕ್ಕದಾದ ಮಾರ್ಕನ ಹದಿನಾರು ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದಿದರೆ ಹದಿನಾರು ದಿನಗಳಲ್ಲಿ ಮುಗಿಯುತ್ತದೆ. ಹನ್ನೆರಡನೆಯ ಶತಮಾನದ ಸನ್ಯಾಸಿ ಗಿಗೋ ಅವರು ಹೇಳಿಕೊಟ್ಟ ನಾಲ್ಕು ಮೆಟ್ಟಿಲುಗಳು ಇಂದಿಗೂ ಸಾಕು: ಓದು, ಮನನ, ಪ್ರಾರ್ಥನೆ, ಮೌನಧ್ಯಾನ. ನೆರೆಹೊರೆಯವರು ಕೂಡಿ ಓದುವುದಾದರೆ ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಗಳ ಕ್ರಮವಿದೆ. ಅದರಲ್ಲಿ ವಾದಕ್ಕೆ ಎಡೆಯಿಲ್ಲ, ಪ್ರತಿಯೊಬ್ಬರೂ ತಮ್ಮನ್ನು ತಟ್ಟಿದ ಮಾತನ್ನು ಹೇಳುತ್ತಾರೆ. ಅರ್ಥವಾಗದ ಭಾಗಗಳನ್ನು ಗುರುತು ಹಾಕಿಕೊಂಡು ಗುರುಗಳನ್ನು ಕೇಳಬೇಕು. ವಿವರಣೆಯಿಲ್ಲದ ಓದು ದಾರಿ ತಪ್ಪಿಸಬಹುದೆಂಬ ದೊಡ್ಡ ಸ್ವಾಮಿಯವರ ಆತಂಕದಲ್ಲಿ ಇಷ್ಟು ಸತ್ಯ ಇದ್ದೇ ಇದೆ. ಓದುಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಲಿ. ಅಜ್ಜಿಯು ಜಪಮಾಲೆಯ ರಹಸ್ಯಗಳನ್ನು ಅವಳಿಗೆ ಕಲಿಸಲಿ.

ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ನಾವೆಲ್ಲ ಬಲ್ಲೆವು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ ಅದು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಗೆಯಲ್ಲಿ ಹೊರಬರುವ ಪಾಳುಗೋಡೆಯಾಯಿತು. ಅಲ್ಲಿನ ಜನರು ಬೇರೆಡೆ ನೆಲೆಸಿದರು. ಹೋಗುವಾಗ ಅವರು ಹೊತ್ತೊಯ್ದುದು ನಾಲಿಗೆಯ ಮೇಲಿದ್ದ ಪ್ರಾರ್ಥನೆಯನ್ನು ಮತ್ತು ಎದೆಯಲ್ಲಿದ್ದ ವಾಕ್ಯವನ್ನು. ಕಲ್ಲುಗಾರೆಯ ಕಟ್ಟಡಕ್ಕೆ ಆಯುಷ್ಯದ ಮಿತಿಯುಂಟು. ಎರಡನೆಯ ಶತಮಾನಕ್ಕೆ ಕಾಲಿಡುವ ಈ ಶುಭವೇಳೆಯಲ್ಲಿ ಗೋಪುರಕ್ಕೆ ಸುಣ್ಣಬಣ್ಣ ಮಾಡಿದ ಉತ್ಸಾಹದಿಂದಲೇ ಪ್ರತಿಯೊಂದು ಮನೆಯಲ್ಲಿಯೂ ಶ್ರೀಗ್ರಂಥದ ಮೇಲಿನ ಬಟ್ಟೆಯನ್ನು ತೆಗೆಯೋಣ. ಹಿರಿಯರು ಕೇಳಿ ಉಳಿಸಿಕೊಟ್ಟುದನ್ನು ನಾವು ಓದಿ ಬೆಳೆಸೋಣ. ಅದಕ್ಕೆ ಪ್ರಭುವಿನ ಅನುಗ್ರಹ ಎಲ್ಲರಿಗೂ ದೊರೆಯಲೆಂದು ಪ್ರಾರ್ಥಿಸುತ್ತೇವೆ.